ಮ್ಯಾಲಿನಾಕಿಯ ಕಾಲ್ಗುಣ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಬೇರೆ ಯಾವುದಾದರೂ ಕೆಲಸ ನೆನಪಾಗುತ್ತಿತ್ತು. ಗುಂಡಿಯ ಡಬ್ಬಿಗಳನ್ನು ಬಣ್ಣ ನೋಡಿ ಜೋಡಿಸುವುದು, ಹಳೆಯ ಜಿಪ್ಪುಗಳಿಗೆ ಮೇಣ ಸವರುವುದು, ಶಟರಿಗೆ ಎಣ್ಣೆ ಬಿಡುವುದು. ಅವರು ಬದುಕಿದ್ದಾಗ ನಾಳೆ ಹೇಳೋಣ ಎಂದೆ. ಕಾಯಿಲೆ ಬಿದ್ದಾಗ ಗುಣವಾಗಲಿ ಎಂದೆ. ಹೋದ ಮೇಲೆ ಇನ್ನು ಯಾರಿಗೆ ಹೇಳುವುದು ಎಂದೆ. ಈಗ ನನ್ನ ಹೆಂಡತಿ, "ಸತ್ತವರ ಸುದ್ದಿ ಈಗ್ಯಾಕ್ರಿ? ಇದ್ದವರು ನಾವು ಓಣ್ಯಾಗ ತಲಿ ಎತ್ತಿ ಅಡ್ಡಾಡೋದು ಬ್ಯಾಡೇನು?" ಎನ್ನುತ್ತಾಳೆ. ಬೇಡ ಎನ್ನುವವರು ಎನ್ನಲಿ. ನಾನು ಬರೆಯುತ್ತೇನೆ. ಹೈಸ್ಕೂಲು ಮುಗಿಸಿ ಅಂಗಡಿಯಲ್ಲಿ ಕೂತವನ ಬರವಣಿಗೆ ಇದು, ತಪ್ಪಿದ್ದರೆ ತಿದ್ದಿಕೊಳ್ಳಿ. ನಾನು ಮಾಡಿದ್ದನ್ನು ಮಾತ್ರ ಯಾರೂ ತಿದ್ದಬೇಡಿ.

ಅವರು ನನ್ನ ಅಣ್ಣನ ಹೆಂಡತಿ. ಹೆಸರು ಬರೆಯುವುದಿಲ್ಲ. ಬರೆದರೆ, "ಯಾರನ್ನ ಕೇಳಿ ಬರ್ದೆ?" ಎನ್ನುವ ದನಿ ಈಗಲೂ ಮೇಲಿನಿಂದ ಬಂದೀತು ಎಂಬ ಅಳುಕು ನನಗಿದೆ. ರಾಯದುರ್ಗದ ಕೋಟೆಗುಡ್ಡದ ಬುಡದಲ್ಲಿ ನಮ್ಮ ಹಳೆಯ ಮನೆ. ಕೆಳಗೆ ನಾನು, ನನ್ನ ಸಂಸಾರ, ನನ್ನ ದಾರ, ಗುಂಡಿ, ಜಿಪ್ಪಿನ ಅಂಗಡಿ. ಮೇಲಿನ ಮಹಡಿ ಅಣ್ಣನ ಪಾಲು. ಅವನು ಹೊಲಿಗೆಯವನು, ಮಹಡಿಯಲ್ಲೇ ಸಂಸಾರ, ಮಹಡಿಯಲ್ಲೇ ಮಿಷಿನ್ನು. ಮಕ್ಕಳಿರಲಿಲ್ಲ. ಅಣ್ಣ ಹೋದ ಮೇಲೆ ನಮ್ಮ ಮನೆಯಲ್ಲಿ ಅವರಿಗೆ 'ಮ್ಯಾಲಿನಾಕಿ' ಎಂಬ ಹೆಸರು ಬಿತ್ತು. ಇಟ್ಟವನು ನಾನೇ. ಅದಕ್ಕೆ ಮೊದಲು ನಾನೂ ಸಂಬಂಧ ಹಿಡಿದು ಕರೆಯುತ್ತಿದ್ದವನೇ. ಅಣ್ಣನ ಕರ್ಮಾಂತರ ಮುಗಿದ ಮೇಲೆ ಆ ಪದ ನನ್ನ ಬಾಯಿಂದ ಬರಲಿಲ್ಲ. ಹಾಗೆ ಕರೆದರೆ ಮಹಡಿ ಅವರದೆಂದು ಒಪ್ಪಿದಂತಾಗುತ್ತದೆ ಎಂದುಕೊಂಡಿದ್ದೆ. ಆಗ 'ಅವಳು' ಎನ್ನುತ್ತಿದ್ದೆ. ಈಗ ಕಾಗದದ ಮೇಲಾದರೂ 'ಅವರು' ಎನ್ನುತ್ತೇನೆ.

ಅವರು ಮಡಕಶಿರದ ಕಡೆಯವರು. ತವರಿನಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಒಂದೇ ಜಿಲ್ಲೆಯಲ್ಲಿದ್ದ ಊರುಗಳಾದರೂ ಅವರ ಮಾತು ಬೇರೆ, ನಮ್ಮ ಮಾತು ಬೇರೆ. ನಾವು 'ಐತಿ' ಎಂದರೆ ಅವರು 'ಅದೆ' ಎನ್ನುವರು. ನಾವು ರೊಟ್ಟಿ ಬಡಿದರೆ ಅವರು ಮುದ್ದೆ ತಿರುವುವರು. ಓಣಿಯ ಹೆಂಗಸರು ಅವರ ಮಾತನ್ನು ಅಣಕಿಸಿ ನಗುತ್ತಿದ್ದರು. ಬಂದ ಹೊಸತರಲ್ಲಿ ನನ್ನ ತಾಯಿ, "ಸ್ವಲ್ಪ ನಮ್ಮಂಗ ಮಾತಾಡಾಕ ಕಲಿಯವಾ" ಎಂದರೆ, "ಕಲೀತೀನಿ ಕಣತ್ತೆ, ಮೊದ್ಲು ನೀವೆಲ್ಲ ಮುದ್ದೆ ನುಂಗಾದು ಕಲೀರಿ" ಎಂದಿದ್ದರು. ಕೊನೆಯವರೆಗೂ ಅವರು ಕಲಿಯಲಿಲ್ಲ, ನಾವೂ ಕಲಿಯಲಿಲ್ಲ.

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಬೈಯುವುದು ಅವರಿಗೆ ಸಿದ್ಧಿಸಿತ್ತು. ಪಿನ್ನು ಬೀಳುತ್ತಿರಲಿಲ್ಲ, ಬೈಗುಳವೂ ತಪ್ಪುತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಹೊಲಿಯುವ ಹೆಂಗಸರ ಜೊತೆ ಚೌಕಾಬಾರ ಆಡುವರು, ಎಲ್ಲರ ಕಣ್ಣೆದುರೇ ಕವಡೆಯನ್ನು ಬೆರಳಿಂದ ಮಗುಚಿ ಮೋಸ ಮಾಡುವರು. ಯಾರಾದರೂ ಹಿಡಿದರೆ, "ನೋಡಿದ್ಯಲ್ಲ, ಈಗೇನು?" ಎಂದು ಕಾಯಿ ನಡೆಸಿಯೇಬಿಡುವರು. ಹೊಗಳುವುದು ಅವರಿಗೆ ಬಾರದ ವಿದ್ಯೆ. ಎಷ್ಟೇ ಚೆಂದ ಹೊಲಿಗೆ ಹಾಕಿ ತಂದರೂ ತಿರುವಿಮುರುವಿ ನೋಡಿ, "ಹೂಂ, ಬಿಚ್ಚೋ ಹಂಗಿಲ್ಲ" ಎನ್ನುವರು. ಅದಕ್ಕಿಂತ ದೊಡ್ಡ ಶಭಾಷ್‌ಗಿರಿ ಅವರ ಮಹಡಿಯಲ್ಲಿ ಯಾರಿಗೂ ಸಿಕ್ಕಿಲ್ಲ.

ಮದುವಣಗಿತ್ತಿಯಾಗಿ ಬಂದ ದಿನ ಹೊಸ್ತಿಲ ಮೇಲಿಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಮೆಲ್ಲಗೆ ದೂಡಬೇಕಿತ್ತು. ಅವರು ಒದ್ದರು. ಸೇರು ಪಡಸಾಲೆ ದಾಟಿ ಹಿತ್ತಲ ಬಾಗಿಲಿಗೆ ಬಡಿಯಿತು. ಅಕ್ಕಿ ಮೂಲೆಮೂಲೆಗೆ ಚೆಲ್ಲಿತು. ನನ್ನ ತಾಯಿ ಬಿದ್ದು ಬಿದ್ದು ನಕ್ಕಳು. "ಜೋರೈತಿ ಬಿಡ್ರಿ ಕಾಲು, ಲಕ್ಷ್ಮಿ ಮೂಲಿಮೂಲಿಗೂ ಹೋಗಿ ಕುಂತ್ಲು" ಎಂದಳು. ಅದು ನಮ್ಮ ಮನೆಯಲ್ಲಿ ಅವರ ಕಾಲಿನ ಬಗ್ಗೆ ಹುಟ್ಟಿದ ಮೊದಲ ಮಾತು. ಎರಡನೆಯ ಮಾತು ಹುಟ್ಟಿಸಿದವನು ನಾನು. ಅದಕ್ಕೆ ಈಗ ಬರುತ್ತೇನೆ.

ನಮ್ಮ ಮಹಡಿಯ ನೆಲ ಮರದ್ದು, ಅಜ್ಜ ಕಟ್ಟಿಸಿದ್ದು. ಗೋಡೆಯಿಂದ ಗೋಡೆಗೆ ಒಂದು ದಪ್ಪ ತೊಲೆ, ಅದರ ಮೇಲೆ ಅಡ್ಡಡ್ಡ ಜಂತಿಗಳು, ಜಂತಿಗಳ ಮೇಲೆ ಹಲಗೆ. ತೊಲೆಯ ನಡುವಿಗೆ ಕೆಳಗಿನಿಂದ ಒಂದು ಕಂಬದ ಆಸರೆ. ಆ ಕಂಬ ನಿಂತಿದ್ದದ್ದು ನನ್ನ ಅಂಗಡಿಯ ನಟ್ಟನಡುವೆ. ನಮ್ಮ ಊರಿನಲ್ಲಿ ಜೀನ್ಸ್ ಹೊಲಿಗೆ ಓಣಿಓಣಿಗೂ ಹಬ್ಬಿದ್ದ ಕಾಲ. ದಾರ, ಜಿಪ್ಪುಗಳಿಗೆ ಗಿರಾಕಿಗಳು ಮುಗಿಬೀಳುತ್ತಿದ್ದರು. ಸುತ್ತಲಿನ ಅಂಗಡಿಗಳಿಗೆಲ್ಲ ಗಾಜಿನ ಷೋಕೇಸು, ನನ್ನ ಅಂಗಡಿಗೆ ಎಣ್ಣೆಜಿಡ್ಡು ಹತ್ತಿದ ಕಂಬ. ಬಂದವರೆಲ್ಲ ಅದಕ್ಕೆ ಬೆನ್ನು ಒರಗಿಸಿ ನಿಂತುಬಿಡುತ್ತಿದ್ದರು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

ಅಣ್ಣ ತೀರಿಕೊಂಡಾಗ ತವರಿನವರು ಬಂದು ಅವರನ್ನು ಸ್ವಲ್ಪ ದಿನಕ್ಕೆಂದು ಮಡಕಶಿರಕ್ಕೆ ಕರೆದುಕೊಂಡು ಹೋದರು. ಇನ್ನು ಅಲ್ಲೇ ಇದ್ದುಬಿಡುತ್ತಾರೆ ಎಂದು ನಾನು ಅಂದುಕೊಂಡೆ. ಅಂದುಕೊಂಡೆ ಎನ್ನುವುದೂ ಸುಳ್ಳು, ಹಾಗಾಗಲಿ ಎಂದು ಆಸೆಪಟ್ಟೆ. ಆ ದಿನಗಳಲ್ಲೇ ಮೇಸ್ತ್ರಿಯನ್ನು ಕರೆಸಿ ಕಂಬ ತೆಗೆಸಿದೆ. ಮೇಸ್ತ್ರಿ, "ಇದರ ಬದಲಿ ಒಂದು ಕಬ್ಬಿಣದ ತೊಲಿ ಕೊಡಲೇಬೇಕ್ರಿ" ಎಂದ. "ಆಮೇಲೆ ಕೊಡಿಸೋಣ, ಮೊದಲು ಕೀಳು" ಎಂದೆ. ಕಂಬ ಸರಿದ ಕ್ಷಣ ಮೇಲಿನಿಂದ 'ಕಿರ್' ಎಂದಿತು. ನನ್ನ ತಲೆಯ ಮೇಲೆ ಒಂದಿಷ್ಟು ಹಳೆಯ ಧೂಳು ಬಿತ್ತು. ತೊಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಮೇಸ್ತ್ರಿಯೂ ನೋಡಿದ, ನಾನೂ ನೋಡಿದೆ. ಮರುದಿನವೇ ತೆಳ್ಳನೆಯ ಪ್ಲೈವುಡ್ಡಿನ ಫಾಲ್ಸ್ ಸೀಲಿಂಗು ಹೊಡೆಸಿದೆ. ಬಿರುಕು ಕಾಣದಾಯಿತು. ಕಾಣದ ಮೇಲೆ ಕಬ್ಬಿಣದ ತೊಲೆಯ ಅವಸರವೂ ಇರಲಿಲ್ಲ.

ಅವರು ಮರಳಿ ಬಂದರು. ಬಸ್ಸಿಳಿದು, ಟ್ರಂಕು ಅಂಗಡಿಯ ಮುಂದಿಟ್ಟು, ಒಳಗೆ ನೋಡಿದರು. ಕಂಬವಿದ್ದಲ್ಲಿ ಹೊಸ ಟೈಲ್ಸಿನ ಮೇಲೆ ನನ್ನ ಷೋಕೇಸು, ಗಾದಿ.

"ಕಂಬ ಎಲ್ಲಪ್ಪಾ?"

"ಗೆದ್ದಲು ಹಿಡಿದಿತ್ತು. ತೆಗೆಸಿ ಕಬ್ಬಿಣದ ತೊಲಿ ಕೊಡಿಸೀನಿ. ಸೀಲಿಂಗಿನ ಮ್ಯಾಲೈತಿ, ಕಾಣಂಗಿಲ್ಲ" ಎಂದೆ.

"ಒಳ್ಳೇದೇ ಆಯ್ತು ಬಿಡು" ಎಂದು ಟ್ರಂಕು ಹೊತ್ತು ಮೆಟ್ಟಿಲು ಹತ್ತಿದರು. ನನ್ನನ್ನು ನಂಬಿದ್ದರು.

ಮಹಡಿ ಹತ್ತಿದವರು ಗಂಡನ ಮಿಷಿನ್ನಿನ ಮುಂದೆ ಅಳುತ್ತ ಕೂರಲಿಲ್ಲ. ಜೀನ್ಸ್ ಪ್ಯಾಂಟಿನ ಜೇಬು ಹೊಲಿಯುವ ಕೆಲಸ ಹಿಡಿದರು. ಹಳೆಯ ಮಿಷಿನ್ನುಗಳನ್ನು ತಂದು ಮಹಡಿಯ ನಡುವೆ ಎದುರುಬದುರಾಗಿ ಜೋಡಿಸಿದರು. ಓಣಿಯ ಸೊಸೆಯಂದಿರು ಮನೆಗೆಲಸ ಮುಗಿಸಿ ಬಂದು ಹೊಲಿಯತೊಡಗಿದರು. ಆ ಹೆಣ್ಣುಮಕ್ಕಳಿಗೆ ತಮ್ಮದೆನ್ನುವ ನಾಲ್ಕು ಕಾಸು, ನಗಲು ಒಂದು ಜಾಗ. ಅವರಿಗೆ ಊರು ಬಿಟ್ಟು ತವರಿಗೆ ಹೋಗದಿರಲು ಒಂದು ಕಾರಣ. ಮಹಡಿ ಹೋದರೆ ಅವೆಲ್ಲ ಹೋಗುತ್ತಿದ್ದವು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಮಳೆಗಾಲ ಕಳೆಯಿತು. ಮಹಡಿಯಲ್ಲಿ ದಾರದ ಉಂಡೆ ಎಲ್ಲೇ ಬಿದ್ದರೂ ಉರುಳಿ ನಡುವಿಗೆ ಬಂದು ನಿಲ್ಲತೊಡಗಿತು. ಕಾಲಿಟ್ಟರೆ ಹಲಗೆ ಕೆಳಗೆ ಹೋಗಿ ಮೇಲೆ ಬರುತ್ತಿತ್ತು. ಎಲ್ಲ ಮಿಷಿನ್ನೂ ಒಟ್ಟಿಗೆ ಓಡಿದಾಗ ಕೆಳಗೆ ನನ್ನ ಅಂಗಡಿಯಲ್ಲಿ ಕೊಕ್ಕೆಗೆ ತೂಗುಹಾಕಿದ ಜಿಪ್ಪಿನ ಗೊಂಚಲುಗಳು ತಾವೇ ಕುಣಿಯುತ್ತಿದ್ದವು.

ಒಂದು ಬೆಳಿಗ್ಗೆ ಎದುರುಮನೆಯಾಕೆ ಸೂಜಿ ಕೊಳ್ಳಲು ಬಂದವಳು ಅದನ್ನು ನೋಡಿದಳು. "ಅಯ್ಯ, ಯಾಕಣ್ಣ, ಜಿಪ್ಪು ಕುಣ್ಯಾಕತ್ತಾವಲ್ಲ?"

ಆಗ ನಾನು ಹೇಳಿದ ಮಾತು ಇದು: "ಕಾಲ್ಗುಣವ್ವಾ, ಕಾಲ್ಗುಣ. ಮ್ಯಾಲಿನಾಕಿ ಕಾಲಿಟ್ಟಲ್ಲೆಲ್ಲ ಹಿಂಗ. ಮೊದಲು ಅಣ್ಣ ಕುಸಿದ, ಈಗ ನೆಲ ಕುಸಿಯಾಕತ್ತೈತಿ."

ಎದುರುಮನೆಯಾಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನನಗೆ ಎಷ್ಟು ಚೆಂದ ಹೇಳಿದೆನಲ್ಲ ಎನ್ನಿಸಿತು. ಇಷ್ಟು ವರ್ಷವಾದರೂ ಆ ಮಾತಿಗಿಂತ ಹಾಗೆ ಅನ್ನಿಸಿದ್ದೇ ನನ್ನನ್ನು ಹೆಚ್ಚು ಸುಡುತ್ತದೆ.

ಸಂಜೆಯೊಳಗೆ ಮಾತು ನಲ್ಲಿಯ ಹತ್ತಿರ ಬಂದಿತ್ತು. ಎರಡು ದಿನದಲ್ಲಿ ಯಾರು ಮೊದಲು ಹೇಳಿದರು ಎಂಬುದೇ ಅಳಿಸಿಹೋಯಿತು. ಅದು ಓಣಿಯ ಮಾತಾಯಿತು. ಅತ್ತೆಯಂದಿರು ಸೊಸೆಯಂದಿರನ್ನು ತಡೆದರು. ಬಸುರಿಯಾಗಿದ್ದ ಒಬ್ಬಳನ್ನು ಅವಳ ಅತ್ತೆ ನಮ್ಮ ಮೆಟ್ಟಿಲಿನಿಂದಲೇ ಕೈಹಿಡಿದು ಎಳೆದುಕೊಂಡು ಹೋದಳು. "ಗಂಡನ್ನ ತಿಂದಾಕಿ ನೆಲ ತುಳೀಬ್ಯಾಡ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಇನ್ನು ಕೆಲವರು, "ಮುದ್ದಿ ತಿರುವಿ ತಿರುವಿ ಮಹಡಿ ಕುಸಿದೈತಿ" ಎಂದು ನಕ್ಕರು.

ಬೇರೆ ಯಾರಾದರೂ ಆಗಿದ್ದರೆ ಕಿಟಕಿ ಮುಚ್ಚಿ ಕೂರುತ್ತಿದ್ದರು. ಅವರು ಇದ್ದಬದ್ದ ಕಿಟಕಿಯನ್ನೆಲ್ಲ ತೆರೆದರು. ಓಣಿಗೆ ಕೇಳುವಂತೆ ಕೂಗಿದರು: "ನನ್ ಕಾಲು ಅಷ್ಟು ಜೋರಾಗಿದ್ರೆ ಮೊದ್ಲು ಎದುರು ಮನೆ ಗೋಡೆ ಬೀಳ್ಬೇಕಿತ್ತು ಕಣ್ರೇ! ದಿನಾ ಒದೀತೀನಿ, ಮನ್ಸಿನಾಗೆ!"

ಆಮೇಲೆ ನೆಲದ ಕಡೆ ತಿರುಗಿದರು. ಮೊದಲಿಗೆ ಅವರು ಮಾಡಿದ್ದು ತಪ್ಪೇ. ಹಲಗೆ ತೆಳ್ಳಗಾಗಿವೆ, ಅದಕ್ಕೇ ಕುಣಿಯುತ್ತವೆ ಎಂದು ತಾವೇ ತೀರ್ಮಾನಿಸಿ, ಇದ್ದ ಹಲಗೆಗಳ ಮೇಲೆ ಇನ್ನೊಂದು ಸಾಲು ಹೊಸ ಹಲಗೆ ಹೊಡೆಸಿದರು. ಕೆಲಸಕ್ಕೆ ಬಂದಿದ್ದ ಓಣಿಯ ಬಡಗಿ ಅಜ್ಜ, "ಕೆಳಗ ಏನೈತಿ ನೋಡದ ಮ್ಯಾಲೆ ಭಾರ ಹಾಕಬಾರದವ್ವ" ಎಂದರೆ, "ಕೆಳಗೆ ಕಬ್ಬಿಣ ಅದೆ, ನಮ್ ಮೈದುನ ಹಾಕ್ಸವ್ನೆ. ನೀನು ಮೊಳೆ ಹೊಡಿ" ಎಂದು ಬಾಯಿ ಮುಚ್ಚಿಸಿದರು. ಅದು ನನಗೆ ಕೆಳಗೆ ಕೇಳಿಸಿತು. ಆಗ ಎದ್ದು ಹೋಗಿ ಹೇಳಬಹುದಿತ್ತು. ಷೋಕೇಸಿನ ಗಾಜು ಒರೆಸುತ್ತ ಕೂತೆ. ಹೊಸ ಹಲಗೆಯ ಭಾರಕ್ಕೆ ನೆಲ ಇನ್ನಷ್ಟು ಜೋತುಬಿತ್ತು. ಮಿಷಿನ್ನುಗಳು ಒಂದರ ಕಡೆಗೊಂದು ತಲೆ ಬಾಗಿಸಿ ನಿಂತವು. ಬರುತ್ತಿದ್ದ ಉಳಿದವರೂ ಬರುವುದನ್ನು ನಿಲ್ಲಿಸಿದರು. ಮಹಡಿಯಲ್ಲಿ ಒಂದೇ ಮಿಷಿನ್ನಿನ ಸದ್ದು ಉಳಿಯಿತು.

ತೆಗೆಸಿದ ಕಂಬವನ್ನು ನಾನು ಹಿತ್ತಲಲ್ಲಿ ಹಾಕಿಸಿದ್ದೆ. ಎಸೆಯಲು ಮನಸ್ಸು ಬಂದಿರಲಿಲ್ಲ, ನಮ್ಮ ಅಜ್ಜನ ಕಾಲದ ಮರ. ಅದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿದ್ದಿತ್ತು. ಅವರು ದಿನಾ ಅದರ ಮೇಲೆಯೇ ಕೂತು ಬಟ್ಟೆ ಒಗೆಯುತ್ತಿದ್ದರು. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಹಿತ್ತಲಿಗೆ ಹೋದಾಗ, ಒದ್ದೆ ಕೈಯಿಂದ ಕಂಬವನ್ನು ತಟ್ಟಿ ತಟ್ಟಿ ಕೇಳಿಸಿಕೊಳ್ಳುತ್ತಿದ್ದರು.

"ಏನಪ್ಪಾ, ಈ ಕಂಬಕ್ಕೆ ಗೆದ್ಲು ಹಿಡ್ದಿತ್ತು ಅಂದಿದ್ದೆ."

"ಹೌದು, ಹಿಡಿದಿತ್ತು."

"ಮಳೆ ನೀರು, ಬಚ್ಚಲ ನೀರು, ಸೋಪಿನ ನೀರು, ಎಲ್ಲಾ ಕುಡ್ದು ಬಿದ್ದದೆ. ಒಂದು ತೂತಿಲ್ಲ." ಇನ್ನೊಮ್ಮೆ ತಟ್ಟಿದರು. "ಎಂಥಾ ಗೆದ್ಲಪ್ಪ ಇದು, ಹಲ್ಲಿಲ್ದಿದ್ದು?"

ನನ್ನ ಬಾಯಲ್ಲಿ ಪೇಸ್ಟು ತುಂಬಿತ್ತು. ಅದೇ ನೆಪವಾಗಿ ಉಗುಳಲು ಆಚೆ ಹೋದೆ.

ಮರುದಿನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಡಿ. ಹಿರೇಹಾಳಿನ ಒಬ್ಬ ದರ್ಜಿ ಜಿಪ್ಪು ಆರಿಸುತ್ತಿದ್ದ. ಮೇಲೆ ಗರಗಸದ ಸದ್ದಾಯಿತು. ಹಲಗೆ ಎತ್ತಿದ ಸದ್ದು. ಆಮೇಲೆ 'ಫಟ್' ಎಂದು ನನ್ನ ಫಾಲ್ಸ್ ಸೀಲಿಂಗನ್ನು ತೂರಿಕೊಂಡು ಒಂದು ಮುದ್ದೆಕೋಲು ಕೆಳಗೆ ಬಂತು. ಕೋಲು ಅತ್ತಿತ್ತ ತಿರುಗಿ ತೂತನ್ನು ಅಗಲ ಮಾಡಿ ಮೇಲೆ ಹೋಯಿತು. ಆ ತೂತಿನಲ್ಲಿ ಅವರ ಮುಖ ಕಾಣಿಸಿತು. ಬಾಯಲ್ಲಿ ಪಿನ್ನು ಇರಲಿಲ್ಲ.

"ಏನಪ್ಪಾ, ನಿನ್ ಕಬ್ಬಿಣದ ತೊಲೆ ಕಾಣಂಗೇ ಇಲ್ವಲ್ಲ? ಯಾರಾದ್ರೂ ಎರವಲು ಇಸ್ಕಂಡು ಹೋದ್ರಾ?"

ಡಿ. ಹಿರೇಹಾಳಿನವನು ಮೇಲೆ ನೋಡಿ, "ಸಾವ್ಕಾರ್ರ, ನಿಮಗ ಅಶರೀರವಾಣಿ ಆಗಾಕತ್ತೈತ್ರಿ" ಎಂದ. ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ. ಆಗಲಿಲ್ಲ.

ಬಡಗಿ ಅಜ್ಜ ಕೆಳಗಿಳಿದು ಬಂದು ಏಣಿ ಹಾಕಿ ಪ್ಲೈವುಡ್ಡಿನ ಒಂದು ಹಾಳೆ ಕಿತ್ತ. ನಾನು ಕೂರುವ ಗಾದಿಯ ಸರಿ ಮೇಲೆ ತೊಲೆಯ ಬಿರುಕು. ಕೂದಲೆಳೆಯಷ್ಟಿದ್ದದ್ದು ಈಗ ಕೈಬೆರಳು ಹಿಡಿಸುವಷ್ಟಾಗಿತ್ತು. ಅಜ್ಜನಿಗೆ ಕನ್ನಡ ತೆಲುಗು ಎರಡೂ ಒಂದೇ. "ಅಯ್ಯೋ ದೇವುಡಾ, ಇದು ಪ್ರಮಾದ ಐತ್ರಿ, ಅಪಾಯ. ಇದರ ಬುಡಕ್ಕ ದಿನಾ ಕುಂದ್ರತೀರಿ, ಶಾನಾ ಧೈರ್ಯ ನಿಮಗ" ಎಂದ. ಮೇಲೆ ನೋಡಿ, "ಅವ್ವಾ, ನೀನು ಮಿಷಿನ್ನು ಎತ್ತಿಕೊಂಡು ಬ್ಯಾರೆ ಕಡೆ ಬಾಡಿಗಿ ಹಿಡಿ. ಇದು ನಂಬಂಗಿಲ್ಲ" ಎಂದ.

ತೂತಿನಿಂದ ಉತ್ತರ ಬಂತು: "ನಾನ್ಯಾಕ್ ಹೋಗ್ಲಿ? ನಮ್ಮನೆ ಇದು. ಬಿದ್ರೂ ನಾನು ಮೆತ್ತಗೆ ಬೀಳ್ತೀನಿ, ಕೆಳಗೆ ಇವ್ನಿದಾನಲ್ಲ." ಆಮೇಲೆ ಅಜ್ಜನಿಗೆ, "ಅವನ್ನ ಆ ಗಾದಿಯಿಂದ ಏಳ್ಸು ಮೊದ್ಲು" ಎಂದರು.

ಎದ್ದೆ.

ಅವರು ಕೆಳಗೆ ಬಂದು ಅಂಗಡಿಯ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತರು. "ಕಂಬ ತತ್ತಾರ್ರಿ" ಎಂದರು. ಆಗಲೂ ನಾನು, "ಗಿರಾಕಿ ಇದ್ದಾಗ ಇದೆಲ್ಲ ಯಾಕ? ಷೋಕೇಸು ಎಲ್ಲಿಡಲಿ?" ಎಂದೆ. "ತಲೆ ಮ್ಯಾಲಿಟ್ಕ" ಎಂದರು.

ಕಂಬದ ಬುಡದ ಕಲ್ಲು ನಾನು ಹಾಕಿಸಿದ ಹೊಸ ಟೈಲ್ಸಿನ ಕೆಳಗೆ ಹೂತುಹೋಗಿತ್ತು. ಟೈಲ್ಸು ಒಡೆಯುವ ಕೆಲಸವನ್ನು ಅವರು ಬಡಗಿಗೆ ಬಿಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಸುತ್ತಿಗೆ ಹಿಡಿದು ಕೂತು, "ಚೆನ್ನಾಗವೆ ಕಣಪ್ಪ ನಿನ್ ಟೈಲ್ಸು. ಒಡೆಯಾಕೆ" ಎನ್ನುತ್ತ ಒಂದೊಂದನ್ನೇ ಚೂರು ಮಾಡಿದರು.

ತೊಲೆಯನ್ನು ಎತ್ತಲು ಲಾರಿಯ ಜಾಕಿ ತಂದರು. ಒಮ್ಮೆಲೇ ಎತ್ತಿದರೆ ಬಿರುಕು ಪೂರ್ತಿ ಸಿಡಿಯುತ್ತದೆ, ದಿನಾ ಸ್ವಲ್ಪ ಸ್ವಲ್ಪ ತಿರುವಬೇಕು ಎಂದ ಅಜ್ಜ. ತಿರುವುವುದನ್ನೂ ಅವರೇ ವಹಿಸಿಕೊಂಡರು. ದಿನಾ ಬೆಳಿಗ್ಗೆ ನಾನು ಶಟರು ಎತ್ತುವ ಹೊತ್ತಿಗೆ ಬಂದು ನಿಲ್ಲುವರು. ಒಳಗೆ ಬಂದು ಜಾಕಿಯ ಸಲಾಕೆ ಹಿಡಿದು ತುಸುವೇ ತಿರುವುವರು. ತೊಲೆ ನರಳುವುದು. ನಿಲ್ಲಿಸುವರು. ಇಬ್ಬರೂ ಮೇಲೆ ನೋಡುತ್ತ ನಿಲ್ಲುವೆವು. ಸದ್ದು ಅಡಗಿದ ಮೇಲೆ ಸಲಾಕೆಯನ್ನು ನನ್ನ ಗಲ್ಲಾಪೆಟ್ಟಿಗೆಯ ಪಕ್ಕ ಒರಗಿಸಿ ಹೋಗುವರು. ಆ ಬೆಳಗುಗಳಲ್ಲಿ ಅಂಗಡಿಯಲ್ಲಿ ನಾವಿಬ್ಬರೇ ಇರುತ್ತಿದ್ದೆವು. ಹೇಳಬೇಕೆನ್ನುವವನಿಗೆ ಅಷ್ಟು ಸಾಕಿತ್ತು. ನಾನು ತೊಲೆಯನ್ನೇ ನೋಡಿದೆ.

ತೊಲೆ ಸಮಕ್ಕೆ ಬಂದ ಮೇಲೆ ಬಿರುಕಿನ ಎರಡೂ ಮಗ್ಗುಲಿಗೆ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟು ಬಿಗಿದರು. ಕಂಬ ನಿಲ್ಲಿಸಿ, ತಲೆಯ ಸಂದಿಗೆ ಬೆಣೆ ಹೊಡೆದು, ಜಾಕಿ ಇಳಿಸಿದರು. ನೆಲ ಕುಣಿಯದಂತೆ ಜಂತಿಗಳ ನಡುನಡುವೆ ಅಡ್ಡ ತುಂಡುಗಳನ್ನು ಕೂರಿಸಿದರು. ಮಿಷಿನ್ನುಗಳನ್ನು ನಡುವಿನಿಂದ ಎಬ್ಬಿಸಿ ಗೋಡೆಯ ಬದಿಗೆ ಸಾಲಾಗಿ ಇಟ್ಟರು. ಕೊನೆಗೆ ಉಳಿದದ್ದು ಮೇಲೆ ಹೊಡೆಸಿದ ಎರಡನೆಯ ಸಾಲಿನ ಹಲಗೆ. ಬಡಗಿ ಅಜ್ಜ ಅವರ ಮುಖ ನೋಡಿದ. ಓಣಿಯ ಹೆಂಗಸರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

"ಇದು ನನ್ ತಪ್ಪು ಕಣಜ್ಜ. ನೀನು ಬ್ಯಾಡ ಅಂದಿದ್ದೆ, ನಾನು ಬಾಯ್ ಮಾಡ್ದೆ. ಬಿಚ್ಚು" ಎಂದರು.

ಅಷ್ಟೇ. ತಪ್ಪು ಎನ್ನಲು ಅವರಿಗೆ ಅಷ್ಟೇ ಹೊತ್ತು ಹಿಡಿಯಿತು. ನಾನು ಮೆಟ್ಟಿಲ ಬುಡದಲ್ಲಿ ನಿಂತು ಅದನ್ನು ಕೇಳಿಸಿಕೊಂಡೆ.

ಹಲಗೆ ಬಿಚ್ಚಿ, ನೆಲ ಸಾರಿಸಿ ಒರೆಸಿದ ಮೇಲೆ ಒಂದು ದಾರದ ಉಂಡೆಯನ್ನು ನೆಲದ ಮೇಲಿಟ್ಟರು. ಅದು ಇಟ್ಟಲ್ಲೇ ಕೂತಿತು. "ಹೂಂ, ಬಿಚ್ಚೋ ಹಂಗಿಲ್ಲ" ಎಂದರು. ಬಡಗಿ ಅಜ್ಜ ಹೆಗಲ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ಧೂಳು ಬಿತ್ತು ಎಂದ.

ನೆಲ ಸರಿಹೋಯಿತು. ಮಾತು ಸರಿಹೋಗಿರಲಿಲ್ಲ. ಕಬ್ಬಿಣದ ತೊಲೆಯ ಸುಳ್ಳು ಹೊರಬಿದ್ದಾಗ ಓಣಿಯವರು ಒಂದು ದಿನ ನನ್ನನ್ನು ನೋಡಿ ನಕ್ಕರು. ಆಮೇಲೆ, "ಆದ್ರೂ ಆಕಿ ಕಾಲ್ಗುಣ ಇಲ್ಲದ ಇಷ್ಟೆಲ್ಲ ಆಕೈತೇನು?" ಎಂದರು. ಹೆಂಗಸರು ಮತ್ತೆ ಮೆಟ್ಟಿಲು ಹತ್ತಲಿಲ್ಲ.

ಒಂದು ಶುಕ್ರವಾರ ಅವರು ಓಣಿಯ ಮನೆಮನೆಗೂ ಹೋಗಿ, "ಬರ್ರವ್ವಾ, ಗೃಹಪ್ರವೇಶ ಅದೆ" ಎಂದು ಕರೆದು ಬಂದರು. ಹಳೆಯ ಮನೆಗೆ ಎಂಥ ಗೃಹಪ್ರವೇಶ ಎಂದು ನೋಡಲು ಎಲ್ಲರೂ ಬಂದರು. ಮಹಡಿಯ ಹೊಸ್ತಿಲ ಮೇಲೆ ಸೇರಿನ ತುಂಬ ಅಕ್ಕಿ. ಅವರು ಬಿಳಿ ಕೂದಲಿಗೆ ಎಣ್ಣೆ ಹಚ್ಚಿ ಬಾಚಿ, ಮದುವೆಯಲ್ಲಿ ನಮ್ಮ ತಾಯಿ ಕೊಟ್ಟಿದ್ದ ಸೀರೆ ಉಟ್ಟು ಮೆಟ್ಟಿಲ ತುದಿಯಲ್ಲಿ ನಿಂತಿದ್ದರು. ಯಾರೋ ಮುದುಕಿ, "ಗಂಡ ಇಲ್ಲದಾಕಿ ಸೇರು ಒದೀತಾಳೇನ್ರೇ! ಎಲ್ಲೈತಿ ಈ ಪದ್ಧತಿ?" ಎಂದಳು.

"ಇಲ್ಲೈತಿ" ಎಂದರು. ಅವರ ಬಾಯಲ್ಲಿ 'ಐತಿ' ಎಂಬುದನ್ನು ನಾನು ಕೇಳಿದ್ದು ಅದೊಂದೇ ಸಲ. "ನನ್ ಕಾಲ್ಗುಣ ಅಂತ ತಿಂಗ್ಳುಗಟ್ಲೆ ಮಾತಾಡಿದ್ರಲ್ಲ. ನೋಡ್ಕಂಡು ಹೋಗ್ರಿ."

ಒದ್ದರು. ಸೇರು ಹಾರಿತು. ಅಕ್ಕಿ ಮಹಡಿಯ ತುಂಬ ಚೆಲ್ಲಿತು. ಅವರು ಒಳಗೆ ಹೋಗಿ, ನೆಲದ ನಟ್ಟನಡುವೆ, ಅದು ಜೋತುಬಿದ್ದಿದ್ದ ಜಾಗದಲ್ಲೇ, ಎರಡೂ ಕಾಲು ಎತ್ತಿ ಧಪ್ಪೆಂದು ಹಾರಿದರು. ಇನ್ನೊಮ್ಮೆ ಹಾರಿದರು. ನಾನು ಅಷ್ಟರಲ್ಲಿ ಮೆಟ್ಟಿಲ ಬುಡದಿಂದ ಅಂಗಡಿಯೊಳಗೆ ಸರಿದಿದ್ದೆ. ಸದ್ದು ಕೇಳಿ ತಲೆ ಎತ್ತಿದೆ. ಕೊಕ್ಕೆಯ ಜಿಪ್ಪಿನ ಗೊಂಚಲು ಅಲುಗಲಿಲ್ಲ.

ಮೊದಲು ಒಳಗೆ ಹೋದವಳು ಆ ಬಸುರಿ. ಅವಳ ಅತ್ತೆ "ಏಯ್, ಏಯ್" ಎನ್ನುತ್ತಿದ್ದಂತೆಯೇ ಹೊಸ್ತಿಲು ದಾಟಿ, ಚೆಲ್ಲಿದ ಅಕ್ಕಿಯ ಮೇಲೆ ಹೆಜ್ಜೆಯಿಟ್ಟು ತನ್ನ ಮಿಷಿನ್ನಿನ ಮುಂದೆ ಕೂತಳಂತೆ. ಆಮೇಲೆ ಉಳಿದವರು. ಮಧ್ಯಾಹ್ನದ ಹೊತ್ತಿಗೆ ಮೇಲೆ ಎಲ್ಲ ಮಿಷಿನ್ನುಗಳ ಸದ್ದು ತುಂಬಿಕೊಂಡಿತು.

ಹಲಗೆಯ, ಸೀಲಿಂಗಿನ ತೂತನ್ನು ಮುಚ್ಚಿಸಲು ಅವರು ಬಿಡಲಿಲ್ಲ. ಅದರಿಂದ ಒಂದು ಹಗ್ಗ, ಹಗ್ಗದ ತುದಿಗೆ ಒಂದು ಬುಟ್ಟಿ ಕಟ್ಟಿ, "ನೀಲಿ ದಾರ ಇಕ್ಕಪ್ಪಾ", "ಹಿತ್ತಾಳೆ ಗುಂಡಿ ಇಕ್ಕು, ಹೋದ ಸಲದ ತರ ತುಕ್ಕು ಹಿಡ್ದಿದ್ದು ಬ್ಯಾಡ" ಎಂದು ಇಳಿಸುವರು. ನನ್ನ ಹೆಂಡತಿ ಹಾಸಿಗೆ ಹಿಡಿದಾಗ ಅದೇ ಬುಟ್ಟಿಯಲ್ಲಿ ಬಿಸಿಬಿಸಿ ಮುದ್ದೆ, ಸೊಪ್ಪಿನ ಸಾರು ಇಳಿದು ಬಂತು. ಮುದ್ದೆಯನ್ನು ಅಗಿದು ತಿನ್ನುತ್ತಿದ್ದ ನನ್ನನ್ನು ಮೇಲಿನಿಂದ ನೋಡಿ, "ನುಂಗ್ಬೇಕು, ಅಗೀಬಾರ್ದು. ಇನ್ನೂ ಬರಲ್ವಲ್ಲ ನಿಂಗೆ" ಎಂದರು.

ಅವರನ್ನು ಕರೆಯಬೇಕಾದರೆ ನಾನು ಅಳತೆಯ ಗಜಕಡ್ಡಿಯಿಂದ ಕಂಬಕ್ಕೆ ಟಕಟಕ ಎಂದು ಬಡಿಯುತ್ತಿದ್ದೆ. ಮೇಲೆ ಅದು ಕೇಳಿಸುತ್ತಿತ್ತು. ಒಮ್ಮೆ ಮುಖ ತೋರಿಸಿ, "ಕರಿಯಾಕೆ ನಂಗೊಂದು ಹೆಸ್ರಿಲ್ವೇನಪ್ಪಾ? ಮರ ಬಡ್ದಂಗೆ ಬಡೀತೀಯಲ್ಲ" ಎಂದರು. ನಾನು ನಕ್ಕು, ಕೇಳಿದ್ದ ದಾರವನ್ನು ಬುಟ್ಟಿಗೆ ಹಾಕಿದೆ.

ಇನ್ನೊಂದು ಮಧ್ಯಾಹ್ನ, ಮೇಲೆ ಹೆಂಗಸರು ಊಟಕ್ಕೆ ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬನೇ. ತೂತಿನಿಂದ ದನಿ ಬಂತು, ಮುಖ ಕಾಣಲಿಲ್ಲ.

"ಆ ಕಾಲ್ಗುಣದ ಮಾತು ಮೊದ್ಲು ಯಾರು ಹುಟ್ಸಿದ್ರು, ಗೊತ್ತೇನಪ್ಪಾ ನಿಂಗೆ?"

"ಓಣಿ ಮಾತು. ಯಾರಂತ ಹೇಳೋದು" ಎಂದೆ.

ಮೇಲೆ ಕತ್ತರಿ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ನಂಗೊತ್ತು. ಅವ್ನೇ ಬಂದು ಹೇಳ್ಲಿ ಅಂತ ಕಾಯ್ತಾ ಇದೀನಿ. ಅವಸ್ರ ಏನಿಲ್ಲ" ಎಂದರು. ಮಿಷಿನ್ನು ಓಡತೊಡಗಿತು.

ಕಾದರು. ಆಮೇಲೆ ಆ ವಿಷಯ ಎತ್ತಲಿಲ್ಲ. ಕೊನೆಯ ಕಾಯಿಲೆಯಲ್ಲಿ ನಾನು ಮಹಡಿ ಹತ್ತಿ ಹೋಗಿ ಪಕ್ಕದಲ್ಲಿ ಕೂತಿದ್ದೆ. ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ನೋಡುತ್ತಲೇ ಇದ್ದರು. ನಾನು, "ಎಳನೀರು ತರಲೇನು?" ಎಂದೆ. ಅವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.

ಈಗ ಮಹಡಿಯಲ್ಲಿ ಆ ದಿನ ಮೊದಲು ಹೊಸ್ತಿಲು ದಾಟಿದವಳೇ ಯಜಮಾನಿ. ಅವರು ಹಾಗೆಂದು ಹೇಳಿ ಹೋಗಿದ್ದಾರೆ. ನಮ್ಮ ನೆಂಟರಲ್ಲಿ ಕೆಲವರು ಬಂದು, ಮರದ ನೆಲ ಹಳೆಯದಾಯಿತು, ಒಡೆಸಿ ಸ್ಲ್ಯಾಬು ಹಾಕಿಸು, ಆ ಹೆಂಗಸರನ್ನು ಬಿಡಿಸಲು ಅದೇ ದಾರಿ ಎಂದು ನನಗೆ ಬುದ್ಧಿ ಹೇಳುತ್ತಾರೆ. ಕಂಬದ ಪಕ್ಕ ನಿಂತು ಮೇಲೆ ನೋಡ್ರಿ, ಜಿಪ್ಪು ಅಲುಗುತ್ತದೆಯೇ ಹೇಳ್ರಿ, ಎನ್ನುತ್ತೇನೆ. ಮತ್ತೆ ಕೇಳಿದರೆ ಕಾಲ್ಗುಣದ ಮಾತು ಹುಟ್ಟಿಸಿದವನು ನಾನೇ, ಓಣಿಗೆಲ್ಲ ಹೋಗಿ ಹೇಳ್ರಿ, ಎನ್ನುತ್ತೇನೆ. ಕಾಫಿ ಕುಡಿಯದೆ ಎದ್ದು ಹೋಗುತ್ತಾರೆ. ಹೋಗಲಿ.

ಮೊನ್ನೆ ಮಧ್ಯಾಹ್ನ ಗಜಕಡ್ಡಿ ಕೈಗೆತ್ತಿಕೊಂಡೆ. ಕಂಬದ ಹತ್ತಿರ ಹೋಗಿ, ಬಡಿಯದೆ, ಕಡ್ಡಿಯನ್ನು ಗಾದಿಯ ಮೇಲಿಟ್ಟೆ. ಕಂಬಕ್ಕೆ ಕೈ ಹಚ್ಚಿ, ತಲೆ ಎತ್ತಿ, ಆ ತೂತಿನ ಕಡೆಗೆ ಬಾಯಿಬಿಟ್ಟು ಒಂದು ಸಲ ಕರೆದೆ. ನನ್ನ ದನಿ ನನಗೇ ಜೋರಾಯಿತು. ಮೇಲೆ ಮಿಷಿನ್ನುಗಳು ಒಂದೊಂದಾಗಿ ನಿಂತವು. ತೂತಿನಲ್ಲಿ ಮುಖ ಕಾಣಿಸಿತು, ಆ ಬಸುರಿಯಾಗಿದ್ದವಳದು.

"ದಾರ ಐತ್ರಿ ಮಾವ, ಏನೂ ಬ್ಯಾಡ. ಯಾರನ್ನ ಕರಿಯಾಕತ್ತಿದ್ರಿ?"

"ಅತ್ತಿಗೀನ" ಎಂದೆ. "ನಮ್ಮ ಅತ್ತಿಗೀನ."